ಕ್ಯಾಮಿನ ಬೆನ್ನು ಬಿಡದ ಸ್ಪ್ರಿಂಗ್

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ರ‍್ಯಾಲಿಗೆಂದು ಸಿದ್ಧವಾಗುತ್ತಿದ್ದ ಕಾರಿನ ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. 1.3 ಲೀಟರಿನ, ನಾಲ್ಕು ಸಿಲಿಂಡರಿನ, ಎಂಟು ವಾಲ್ವಿನ ಎಂಜಿನ್. ಕ್ಯಾಮ್ ಹೊಸದು. ಸ್ಪ್ರಿಂಗುಗಳೂ ಹೊಸವು, ಆ ಕ್ಯಾಮಿಗೆ ಇವೇ ಬೇಕು ಎಂದು ತಯಾರಕರೇ ಹೇಳಿದಂಥವು. ಆದರೂ 6,500 ಆರ್‌ಪಿಎಂ ದಾಟಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಜೆಟ್ ಬದಲಾಯಿಸಿದ್ದಾಯಿತು, ಪ್ಲಗ್ಗು, ಇಗ್ನಿಷನ್ ಕಾಯಿಲು, ವೈರು ಎಲ್ಲ ಬದಲಾಯಿಸಿದ್ದಾಯಿತು. ಕೊನೆಗೆ ಮೇಸ್ತ್ರಿ ವರ್ನಿಯರ್ ಕೈಗೆತ್ತಿಕೊಂಡು ಒಂದೊಂದೇ ವಾಲ್ವಿಗೆ ಸ್ಪ್ರಿಂಗ್ ಕೂರುವ ಎತ್ತರವನ್ನು ಅಳೆಯತೊಡಗಿದರು. ಏಳು ವಾಲ್ವುಗಳ ಲೆಕ್ಕ ಒಂದೇ ಬಂತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಲ್ಲಿ ಮಾತ್ರ ಆ ಎತ್ತರ 1.2 ಮಿಲಿಮೀಟರ್ ಹೆಚ್ಚಿತ್ತು.

ಹಿಂದೆ ಯಾರೋ ಆ ಒಂದು ಸೀಟನ್ನು ಆಳವಾಗಿ ಕಟ್ ಮಾಡಿದ್ದರು. ವಾಲ್ವ್ ಅಷ್ಟು ಮೇಲೆ ಹೋಗಿ ಕೂತಿತ್ತು, ಅದರ ಜೊತೆಗೆ ಸ್ಪ್ರಿಂಗಿನ ಮೇಲ್ತುದಿಯನ್ನು ಹಿಡಿಯುವ ರಿಟೇನರ್ ಮೇಲೇರಿತ್ತು, ಸ್ಪ್ರಿಂಗ್ ಅಷ್ಟರ ಮಟ್ಟಿಗೆ ಸಡಿಲವಾಗಿತ್ತು. ಪ್ರತಿ ಮಿಲಿಮೀಟರ್ ಒತ್ತಲು 3 ಕಿಲೊ ಕೇಳುವ ಸ್ಪ್ರಿಂಗ್ ಅದು. 1.2 ಮಿಲಿಮೀಟರಿಗೆ 3.6 ಕಿಲೊ ಹೋಯಿತು. ವಾಲ್ವ್ ಮುಚ್ಚಿದ್ದಾಗ ಇರಬೇಕಾದದ್ದೇ 25 ಕಿಲೊ. ಅದರಲ್ಲಿ ಏಳನೇ ಒಂದು ಪಾಲು ಸದ್ದಿಲ್ಲದೆ ಸೋರಿಹೋಗಿತ್ತು. ಒಂದು 0.76ರ ಶಿಮ್, ಒಂದು 0.38ರ ಶಿಮ್ ಸ್ಪ್ರಿಂಗಿನ ಅಡಿಗೆ ಇಟ್ಟು ಹೆಡ್ ಕೂರಿಸಿದ ಮೇಲೆ ಅದೇ ಎಂಜಿನ್ 7,000 ದಾಟಿ ತಡೆಯಿಲ್ಲದೆ ಏರಿತು.

ಅಂದಿನಿಂದ ನನಗೆ ಈ ವಿಷಯದಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಕ್ಯಾಮ್ ಬೇರೆ, ಸ್ಪ್ರಿಂಗ್ ಬೇರೆ ಎಂದು ಎರಡು ಸಾಮಾನುಗಳಾಗಿ ನೋಡುವುದೇ ತಪ್ಪು. ಕ್ಯಾಮಿನ ಉಬ್ಬು ವಾಲ್ವಿನ ಅರ್ಧ ಚಲನೆಯನ್ನಷ್ಟೇ ನಡೆಸುತ್ತದೆ. ಉಳಿದರ್ಧ ನಡೆಯುವುದು ಸ್ಪ್ರಿಂಗಿನಿಂದ. ದುಬಾರಿ ಕ್ಯಾಮ್ ಕೊಂಡು ಹಳೆಯ ಸ್ಪ್ರಿಂಗನ್ನೇ ಉಳಿಸಿಕೊಂಡವರು ಅರ್ಧ ಕ್ಯಾಮನ್ನಷ್ಟೇ ಕೊಂಡಿರುತ್ತಾರೆ. 'ಗಟ್ಟಿ ಇದ್ದಷ್ಟೂ ಒಳ್ಳೆಯದು' ಎಂದು ಸಿಕ್ಕಿದ್ದರಲ್ಲಿ ಅತಿ ಬಿರುಸಾದ ಸ್ಪ್ರಿಂಗ್ ಹಾಕಿಸಿದವರು ಅದೇ ಕ್ಯಾಮನ್ನು ತೇಯಲು ಹೊರಟಿರುತ್ತಾರೆ.

ಸ್ಪ್ರಿಂಗಿಗೆ ನಿಜವಾದ ಕೆಲಸ ಬೀಳುವುದು ಎಲ್ಲಿ? ವಾಲ್ವನ್ನು ಮುಚ್ಚುವಾಗ ಎಂದೇ ಬಹುಮಂದಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಾಳು ಕೇರುವುದನ್ನು ನೆನಪಿಸಿಕೊಳ್ಳಿ. ಮೊರ ಮೇಲಕ್ಕೆ ಹೋಗುವಾಗ ಕಾಳು ಮೊರಕ್ಕೆ ಅಂಟಿಕೊಂಡೇ ಏರುತ್ತದೆ. ಕೈ ತಟ್ಟನೆ ನಿಂತು ಕೆಳಕ್ಕೆಳೆದ ಕ್ಷಣ ಕಾಳು ಮೊರವನ್ನು ಬಿಟ್ಟು ಗಾಳಿಗೆ ಹಾರುತ್ತದೆ. ಕ್ಯಾಮಿನ ಮೇಲೆ ನಡೆಯುವುದೂ ಇದೇ. ಉಬ್ಬಿನ ಪಕ್ಕೆ ಟ್ಯಾಪೆಟ್ಟನ್ನು ಮೇಲಕ್ಕೆ ತಳ್ಳುವ ತನಕ ಸ್ಪ್ರಿಂಗಿನ ಹಂಗಿಲ್ಲ, ಉಕ್ಕು ಉಕ್ಕನ್ನು ನೂಕುತ್ತಿರುತ್ತದೆ. ಉಬ್ಬಿನ ಮೂಗು ಹತ್ತಿರವಾದಂತೆ ವಾಲ್ವಿನ ವೇಗ ತಗ್ಗಬೇಕು, ನಿಲ್ಲಬೇಕು, ಹಿಂದಕ್ಕೆ ತಿರುಗಬೇಕು. ಅಲ್ಲಿ ಕ್ಯಾಮ್ ಏನೂ ಮಾಡಲಾರದು. ಮೇಲಕ್ಕೆ ಹಾರಲು ಹೊರಟ ಇಡೀ ಸರಂಜಾಮನ್ನು ಕ್ಯಾಮಿಗೆ ಒತ್ತಿ ಹಿಡಿಯುವುದು ಸ್ಪ್ರಿಂಗೊಂದೇ. ಹಿಡಿತ ಸಾಲದಿದ್ದರೆ ಟ್ಯಾಪೆಟ್ ಮೂಗಿನ ಮೇಲೆ ತೇಲಿ ಹೋಗಿ ಆಚೆಗೆ ಬಂದು ಬೀಳುತ್ತದೆ, ವಾಲ್ವ್ ಸೀಟಿಗೆ ಬಡಿದು ಪುಟಿಯುತ್ತದೆ. ಗ್ಯಾರೇಜಿನಲ್ಲಿ ಇದನ್ನು 'ಫ್ಲೋಟ್' ಅನ್ನುತ್ತಾರೆ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ಇನ್ನೊಂದು ಆಪತ್ತಿದೆ: ತೇಲಿದಾಗ ಉಂಟಾದ ಸಡಿಲವನ್ನು ಟ್ಯಾಪೆಟ್ ಎಣ್ಣೆ ತುಂಬಿಕೊಂಡು ಭರ್ತಿ ಮಾಡಿಬಿಡುತ್ತದೆ, ಆಮೇಲೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ.

ಹಾರಿಸುವ ಈ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 6,000ದಲ್ಲಿ ಸರಿಯಾಗಿದ್ದ ಎಂಜಿನ್ನನ್ನು 7,000ಕ್ಕೆ ಒಯ್ದರೆ ವೇಗ ಹೆಚ್ಚಿದ್ದು ಶೇ. 17ರಷ್ಟು, ಬೇಕಾಗುವ ಹಿಡಿತ ಹೆಚ್ಚಿದ್ದು ಶೇ. 36ರಷ್ಟು. 'ಇನ್ನೊಂದು ಸಾವಿರ ಆರ್‌ಪಿಎಂ ತಾನೇ' ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ.

ಒಂದು ನಿಜವಾದ ಉದಾಹರಣೆ ಹಿಡಿಯೋಣ. ಕ್ಯಾಮ್ ಬದಲಿಸಿ ಸ್ಪ್ರಿಂಗ್ ಹೊಂದಿಸುವ ವಿದ್ಯೆ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ, 1955ರಲ್ಲಿ ಬಂದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8ರ ಸುತ್ತ. ಪುಶ್‌ರಾಡಿನ ಈ ಎಂಜಿನ್ನಿನ ಮೂಲ ಸ್ಪ್ರಿಂಗ್, ವಾಲ್ವ್ ಮುಚ್ಚಿದ್ದಾಗ ಸುಮಾರು 43 ಮಿಲಿಮೀಟರ್ ಎತ್ತರದಲ್ಲಿ 36 ಕಿಲೊ, 32 ಮಿಲಿಮೀಟರಿಗೆ ಒತ್ತಿದಾಗ 90 ಕಿಲೊ ಕೊಡುತ್ತಿತ್ತು. ಆಫೀಸಿಗೆ ಹೋಗಿ ಬರುವ ಕಾರಿಗೆ ಅದು ಧಾರಾಳ. ಅದೇ ಎಂಜಿನ್ನಿಗೆ ಹೈಡ್ರಾಲಿಕ್ ರೋಲರ್ ಟ್ಯಾಪೆಟ್ಟಿನ ಬಿರುಸಾದ ಕ್ಯಾಮ್ ಹಾಕುತ್ತೇವೆ ಎನ್ನಿ. ಕ್ಯಾಮಿನ ಉಬ್ಬು 9.3 ಮಿಲಿಮೀಟರ್, ರಾಕರಿನ ಅನುಪಾತ 1.5. ಎರಡನ್ನೂ ಗುಣಿಸಿದರೆ ವಾಲ್ವ್ ಹತ್ತಿರ ಹತ್ತಿರ 14 ಮಿಲಿಮೀಟರ್ ಏಳುತ್ತದೆ. ಈಗ ಸ್ಪ್ರಿಂಗ್: ಮುಚ್ಚಿದಾಗ 45 ಮಿಲಿಮೀಟರ್ ಎತ್ತರದಲ್ಲಿ 55 ಕಿಲೊ, ಮಿಲಿಮೀಟರಿಗೆ 6 ಕಿಲೊ. ಪೂರ್ತಿ ತೆರೆದಾಗ 14ನ್ನು 6ರಿಂದ ಗುಣಿಸಿದ 84 ಕಿಲೊ ಸೇರಿ 139 ಕಿಲೊ ಆಗುತ್ತದೆ. ರೂಢಿಯಲ್ಲಿ ಇಂಥ ಕ್ಯಾಮಿಗೆ ಮುಚ್ಚಿದಾಗ 54ರಿಂದ 68, ತೆರೆದಾಗ 136ರಿಂದ 172 ಕಿಲೊ ಇಡುತ್ತಾರೆ. ನಮ್ಮ ಸ್ಪ್ರಿಂಗ್ ಆ ಅಳತೆಯ ಕೆಳಹಂತದಲ್ಲಿದೆ, ಸರಿ.

ಇನ್ನು ಜಾಗದ ಪ್ರಶ್ನೆ. ಪೂರ್ತಿ ತೆರೆದಾಗ ಸ್ಪ್ರಿಂಗಿನ ಎತ್ತರ 45ರಿಂದ 31ಕ್ಕೆ ಇಳಿಯಿತು. ಸುತ್ತುಗಳು ಒಂದರ ಮೇಲೊಂದು ಕೂತು ಘನವಾಗಿಬಿಡುವ ಎತ್ತರ 29.3 ಎಂದಾದರೆ 1.7 ಮಿಲಿಮೀಟರ್ ಉಳಿಯುತ್ತದೆ. ಸಾಮಾನ್ಯವಾಗಿ ಕನಿಷ್ಠ ಒಂದೂಕಾಲರಿಂದ ಒಂದೂವರೆ ಮಿಲಿಮೀಟರ್ ಬಿಡಬೇಕು ಎಂಬ ನಿಯಮಕ್ಕೆ ಇದು ಹೊಂದುತ್ತದೆ. ಆಮೇಲೆ ಯಾರೋ ಆಸೆಪಟ್ಟು 1.6ರ ರಾಕರ್ ಹಾಕಿದರೆ ವಾಲ್ವ್ 14.9 ಏಳುತ್ತದೆ, ಉಳಿಯುವ ಜಾಗ 0.8 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಪುಶ್‌ರಾಡ್ ಬಾಗುವುದಕ್ಕೂ ರಾಕರ್ ಸ್ಟಡ್ ಕಿತ್ತುಬರುವುದಕ್ಕೂ ದೂರವಿಲ್ಲ. ರಿಟೇನರಿನ ಅಡಿ ಸ್ಟೆಮ್ ಸೀಲಿಗೆ ತಾಗುತ್ತದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಬೇಕು. ಇದನ್ನು ಮರೆತು, ಒಡೆದ ಸೀಲಿನಿಂದ ನೀಲಿ ಹೊಗೆ ಬಂದಾಗ ರಿಂಗ್ ಹೋಗಿದೆ ಎಂದು ಎಂಜಿನ್ ಪೂರ್ತಿ ಬಿಚ್ಚಿಸಿದವರಿದ್ದಾರೆ.

ಟ್ಯಾಪೆಟ್ಟಿನ ಜಾತಿಯ ಮೇಲೆ ಹಿಡಿತದ ಮಿತಿ ನಿಂತಿದೆ. ಚಪ್ಪಟೆ ಟ್ಯಾಪೆಟ್ ಕ್ಯಾಮಿನ ಮೇಲೆ ಉಜ್ಜಿಕೊಂಡೇ ಓಡುತ್ತದೆ. ಅದಕ್ಕೆ ತೆರೆದಾಗ 150 ಕಿಲೊ ದಾಟಿದರೆ ಉಬ್ಬು ಸವೆಯುವ ಭಯ. ಹೊಸ ಕ್ಯಾಮ್ ಕೂರಿಸಿದಾಗ ಮೊದಲ 20-30 ನಿಮಿಷ, ಜೋಡಿ ಸ್ಪ್ರಿಂಗಿದ್ದರೆ ಒಳಗಿನದನ್ನು ತೆಗೆದು, 2,000ದ ಮೇಲೆ ಓಡಿಸಿ ಹದಗೊಳಿಸುವ ಪದ್ಧತಿ ಬಂದದ್ದು ಇದಕ್ಕೇ. ಎಣ್ಣೆಯ ಪಾತ್ರವೂ ಇಲ್ಲಿ ಸಣ್ಣದಲ್ಲ. ಉಜ್ಜುವ ಲೋಹವನ್ನು ಕಾಯುತ್ತಿದ್ದ ಸತು-ರಂಜಕದ ಅಂಶ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ ಎಂದು ಅದನ್ನು ಕಡಿಮೆ ಮಾಡುತ್ತ ಬಂದರು. 2004ರ ಎಪಿಐ ಎಸ್‌ಎಂ ದರ್ಜೆಯಲ್ಲಿ ತೆಳು ಎಣ್ಣೆಗಳ ರಂಜಕಕ್ಕೆ ಶೇ. 0.08ರ ಮಿತಿ ಬಿತ್ತು. ಹಳೆಯ ಎಣ್ಣೆಯಲ್ಲಿ ಬದುಕುತ್ತಿದ್ದ ಕ್ಯಾಮ್-ಸ್ಪ್ರಿಂಗ್ ಜೋಡಿಗಳು ಹೊಸ ಎಣ್ಣೆಯಲ್ಲಿ ಸವೆದವು. ಗಟ್ಟಿ ರೋಲರ್ ಟ್ಯಾಪೆಟ್ಟಿನ ಕಥೆ ತಿರುಗುಮುರುಗು. ಮುಚ್ಚಿದಾಗಲೇ 90 ಕಿಲೊಗೂ ಮೇಲೆ, ತೆರೆದಾಗ 230ರಿಂದ 320 ಕಿಲೊ ಇಡುವುದು ಅಲ್ಲಿ ಮಾಮೂಲು. ಸ್ಪ್ರಿಂಗ್ ಸಾಲದೆ ರೋಲರ್ ಕ್ಯಾಮನ್ನು ಬಿಟ್ಟು ಮತ್ತೆ ಬಂದು ಬಡಿಯುತ್ತಿದ್ದರೆ ಅದರೊಳಗಿನ ಸೂಜಿ ಬೇರಿಂಗುಗಳು ಪುಡಿಯಾಗುತ್ತವೆ. ಅಲ್ಲಿ ಟ್ಯಾಪೆಟ್ಟನ್ನು ಕೊಲ್ಲುವುದು ಹೆಚ್ಚಾಗಿ ಸಡಿಲ ಸ್ಪ್ರಿಂಗು, ಬಿರುಸಿನದಲ್ಲ.

ಟರ್ಬೊ ಎಂಜಿನ್ನಿನವರು ಮರೆಯುವ ಒಂದು ಕೂಡಿ-ಕಳೆಯುವ ಲೆಕ್ಕವೂ ಇದೆ. 50 ಮಿಲಿಮೀಟರ್ ಅಗಲದ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೆ ಒಂದು ಬಾರ್ ಬೂಸ್ಟ್ ಒತ್ತಿದರೆ ಸುಮಾರು 20 ಕಿಲೊ ಬಲ ವಾಲ್ವನ್ನು ತೆರೆಯಲು ನೂಕುತ್ತಿರುತ್ತದೆ. ಮುಚ್ಚಿದಾಗಿನ 55 ಕಿಲೊದಲ್ಲಿ ಅಷ್ಟು ಕಳೆದರೆ ಉಳಿಯುವುದು 35.

ಬಿರುಸಾದ ಸ್ಪ್ರಿಂಗ್ ಎಂಜಿನ್ನಿನ ಶಕ್ತಿಯನ್ನು ತಿಂದುಬಿಡುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಹಳೆಯದು. ಸ್ಪ್ರಿಂಗನ್ನು ಒತ್ತಲು ಕೊಟ್ಟ ಶಕ್ತಿಯ ಬಹುಪಾಲನ್ನು ಅದು ಮುಚ್ಚುವಾಗ ಕ್ಯಾಮಿಗೇ ಮರಳಿಸುತ್ತದೆ. ನಷ್ಟವಾಗುವುದು ಉಜ್ಜಾಟದಲ್ಲಿ, ಬಿಸಿಯಲ್ಲಿ. ಹಾಗಾಗಿ ಆ ಭಯಕ್ಕೆ ಅಂಜಿ ಕಡಿಮೆ ಹಿಡಿತ ಇಡುವುದು ಬೇಡ. ಹೆಚ್ಚು ಹಿಡಿತ ಬೇಡ ಎನ್ನಲು ಬೇರೆ ಒಳ್ಳೆಯ ಕಾರಣಗಳಿವೆ: ಕ್ಯಾಮ್ ಸವೆತ, ಬಾಗುವ ಪುಶ್‌ರಾಡ್, ಭಾರಕ್ಕೆ ಕುಸಿಯುವ ಹೈಡ್ರಾಲಿಕ್ ಟ್ಯಾಪೆಟ್.

ಇಲ್ಲಿಯ ತನಕ ಹೇಳಿದ್ದು ಕಿಲೊ ಮತ್ತು ಮಿಲಿಮೀಟರಿನ ಮಾತು. ಹೆಚ್ಚಿನ ಕ್ಯಾಟಲಾಗುಗಳು ಅಷ್ಟಕ್ಕೇ ನಿಲ್ಲುತ್ತವೆ. ವಿಷಯ ಆಳವಾಗುವುದು ಅದರ ಆಚೆ, ಸ್ಪ್ರಿಂಗ್ ತಾನೇ ಒಂದು ನಡುಗುವ ವಸ್ತು ಎಂಬಲ್ಲಿ. ಮೇಜಿನ ಮೇಲೆ ಒತ್ತಿ ನೋಡುವಾಗ ಎಲ್ಲ ಸುತ್ತುಗಳೂ ಸಮನಾಗಿ ಕುಗ್ಗುತ್ತವೆ. ಎಂಜಿನ್ ಓಡುವಾಗ ಹಾಗಾಗುವುದಿಲ್ಲ. ಹಗ್ಗದ ಒಂದು ತುದಿ ಜಾಡಿಸಿದರೆ ಅಲೆ ಇನ್ನೊಂದು ತುದಿಗೆ ಓಡಿ ಹಿಂತಿರುಗುವಂತೆ, ಕ್ಯಾಮಿನ ಪ್ರತಿ ಗುದ್ದಿಗೂ ಸ್ಪ್ರಿಂಗಿನ ಸುತ್ತುಗಳಲ್ಲಿ ಒಂದು ಅಲೆ ಮೇಲೆ-ಕೆಳಗೆ ಓಡಾಡುತ್ತದೆ. ಎಂಜಿನ್ 6,000ದಲ್ಲಿದ್ದರೆ ಕ್ಯಾಮ್ ಸೆಕೆಂಡಿಗೆ 50 ಸುತ್ತು. ಸ್ಪ್ರಿಂಗಿನ ಸಹಜ ಕಂಪನ ಸೆಕೆಂಡಿಗೆ 400 ಎಂದುಕೊಳ್ಳಿ. 50ರ ಎಂಟು ಪಟ್ಟು 400. ಕ್ಯಾಮಿನ ಚಲನೆಯಲ್ಲಿ ಅಡಗಿರುವ ಎಂಟನೇ ಪಟ್ಟಿನ ಕಂಪನ ಸ್ಪ್ರಿಂಗಿನ ಸ್ವಂತ ಕಂಪನಕ್ಕೆ ತಾಳ ಕೂಡಿಸಿದರೆ ಅಲೆ ಹಿಗ್ಗುತ್ತ ಹೋಗುತ್ತದೆ. ಇದಕ್ಕೆ 'ಸರ್ಜ್' ಎನ್ನುತ್ತಾರೆ. ಆ ಹೊತ್ತಿನಲ್ಲಿ ಮೇಜಿನ ಮೇಲೆ ಅಳೆದ 139 ಕಿಲೊ ನೂರಕ್ಕೂ ಇಳಿಯಬಹುದು, ಮರುಕ್ಷಣ ನೂರೆಪ್ಪತ್ತಕ್ಕೂ ಏರಬಹುದು. ತಂತಿ ಮುರಿಯುವುದು ಹೀಗೆಯೇ.

ಕ್ಯಾಮಿನ ಏರಿಕೆಯ ಅಂಕಿಯೊಂದನ್ನೇ ನೋಡಿ ಸ್ಪ್ರಿಂಗ್ ಆರಿಸಬಾರದು ಎನ್ನುವುದು ಇದರಿಂದಲೇ. ಒಂದೇ ಏರಿಕೆಯ ಎರಡು ಕ್ಯಾಮುಗಳಲ್ಲಿ ಒಂದು ವಾಲ್ವನ್ನು ಮೃದುವಾಗಿ ಎತ್ತಬಹುದು, ಇನ್ನೊಂದು ಎಗರಿಸಬಹುದು. ಎರಡನೆಯದರಲ್ಲಿ ಮೇಲಿನ ಪಟ್ಟಿನ ಕಂಪನಗಳು ಜೋರಾಗಿರುತ್ತವೆ, ಅದೇ ಸ್ಪ್ರಿಂಗ್ ಅಲ್ಲಿ ಸೋಲುತ್ತದೆ. ಸ್ಪ್ರಿಂಗ್ ಘನವಾಗುವ ಎತ್ತರಕ್ಕೆ ಸ್ವಲ್ಪ ಹತ್ತಿರವೇ ಓಡಿಸುವುದು ಒಳ್ಳೆಯದು ಎಂದು ಅನುಭವಿಗಳು ಹೇಳುವುದೂ ಇದಕ್ಕೇ. ಸುತ್ತುಗಳ ನಡುವೆ ಜಾಗ ಕಡಿಮೆಯಾದರೆ ಅಲೆ ಕುಣಿಯಲು ಎಡೆ ಇರುವುದಿಲ್ಲ. ಐದು ಮಿಲಿಮೀಟರ್ ಜಾಗ ಬಿಟ್ಟಿದ್ದೇನೆ, ನಾನು ಸುರಕ್ಷಿತ ಎಂದುಕೊಂಡವರ ಸ್ಪ್ರಿಂಗೇ ಮೊದಲು ಮುರಿದದ್ದುಂಟು.

ಈ ನಡುಕವನ್ನು ಅಡಗಿಸಲು ಹಲವು ದಾರಿ ಹುಡುಕಿದ್ದಾರೆ. ಸ್ಪ್ರಿಂಗಿನೊಳಗೆ ಚಪ್ಪಟೆ ಪಟ್ಟಿಯ ಡ್ಯಾಂಪರ್ ತುರುಕುವುದು ಹಳೆಯ ದಾರಿ. ಅದು ಉಜ್ಜಿ ಅಲೆಯನ್ನು ತಿನ್ನುತ್ತದೆ, ಬದಲಿಗೆ ಬಿಸಿ ಕೊಡುತ್ತದೆ. ಒಂದರೊಳಗೊಂದು ಎರಡು ಸ್ಪ್ರಿಂಗ್ ಇಡುವುದು ಇನ್ನೊಂದು. ಎರಡರ ಸಹಜ ಕಂಪನ ಬೇರೆ ಬೇರೆ, ಸುತ್ತಿದ ದಿಕ್ಕೂ ವಿರುದ್ಧ, ಒಂದರ ಸುತ್ತಿನೊಳಗೆ ಇನ್ನೊಂದು ಸಿಕ್ಕಿಕೊಳ್ಳಬಾರದೆಂದು. ಒಂದು ಮುರಿದರೂ ಇನ್ನೊಂದು ವಾಲ್ವನ್ನು ಸಿಲಿಂಡರಿಗೆ ಬೀಳಗೊಡದೆ ಹಿಡಿಯುತ್ತದೆ ಎಂಬ ಧೈರ್ಯ ಬೇರೆ. ಜೇನುಗೂಡಿನ ಹಾಗೆ ಮೇಲ್ತುದಿ ಕಿರಿದಾದ ಬೀಹೈವ್ ಸ್ಪ್ರಿಂಗ್ ನನಗೆ ಹೆಚ್ಚು ಮೆಚ್ಚಿಕೆ. ಮೇಲಿನ ಸುತ್ತುಗಳ ಅಗಲ ಬೇರೆಯಾದ್ದರಿಂದ ಎಲ್ಲವೂ ಒಂದೇ ತಾಳಕ್ಕೆ ಕುಣಿಯಲಾರವು. ತುದಿ ಕಿರಿದಾದ್ದರಿಂದ ರಿಟೇನರ್ ಕೂಡ ಚಿಕ್ಕದು, ಹಗುರ.

ಆ ಹಗುರತನಕ್ಕೆ ಕಾಣುವುದಕ್ಕಿಂತ ಹೆಚ್ಚು ಬೆಲೆಯಿದೆ. ರಾಕರಿನ ವಾಲ್ವ್ ಬದಿಯ ಒಂದು ಗ್ರಾಂ ಸ್ಪ್ರಿಂಗಿಗೆ ಒಂದು ಗ್ರಾಮೇ. ಟ್ಯಾಪೆಟ್ ಬದಿಯ ಗ್ರಾಂ ಮಾತ್ರ ರಾಕರ್ ಅನುಪಾತದ ವರ್ಗದಿಂದ ಭಾಗಿಸಿಕೊಂಡು ಬರುತ್ತದೆ. 1.5ರ ವರ್ಗ 2.25, 100 ಗ್ರಾಮಿನ ಟ್ಯಾಪೆಟ್ ಸ್ಪ್ರಿಂಗಿಗೆ 44 ಗ್ರಾಮಿನಂತೆ ತೋರುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ವಾಲ್ವ್, ರಿಟೇನರ್, ಕಾಟರ್ ಹಗುರ ಮಾಡಲು ಮಾಡಬೇಕು. ಪುಶ್‌ರಾಡನ್ನು ತೆಳ್ಳಗೆ ಮಾಡುವುದಂತೂ ಹಾನಿ. ಅದು ಬಾಗಿ ಬಿಲ್ಲಿನಂತೆ ವಾಲ್ವನ್ನು ಎಸೆಯುತ್ತದೆ. ಟೈಟಾನಿಯಂ ರಿಟೇನರ್ ಉಕ್ಕಿನದಕ್ಕಿಂತ ಶೇ. 40ರಷ್ಟು ಹಗುರ. ಹಗುರ ಮಾಡಿದ್ದರಿಂದ ಸಿಕ್ಕ ಹಿಡಿತ ಕ್ಯಾಮನ್ನು ತೇಯುವುದಿಲ್ಲ, ಸ್ಪ್ರಿಂಗನ್ನು ದಣಿಸುವುದಿಲ್ಲ. ಬಿರುಸಾದ ಸ್ಪ್ರಿಂಗಿಗಿಂತ ಮೊದಲು ಹಗುರ ವಾಲ್ವಿನ ಕಡೆ ನೋಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಇದಕ್ಕೇ.

ಈ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ನಾಸ್ಕಾರ್ ಸಾಕ್ಷಿ. 358 ಘನ ಇಂಚಿನ, ಅಂದರೆ 5.87 ಲೀಟರಿನ ಪುಶ್‌ರಾಡ್ ಎಂಜಿನ್. 2015ರಲ್ಲಿ ರೋಲರ್ ಟ್ಯಾಪೆಟ್ಟಿಗೆ ಅನುಮತಿ ಸಿಗುವ ತನಕ ಚಪ್ಪಟೆ ಟ್ಯಾಪೆಟ್ಟನ್ನೇ ಇಟ್ಟುಕೊಂಡು 9,000 ಆರ್‌ಪಿಎಂ ಮೀರಿ ಓಡಿದರು. 9,000ದಲ್ಲಿ ಪ್ರತಿ ಸ್ಪ್ರಿಂಗ್ ನಿಮಿಷಕ್ಕೆ 4,500 ಸಲ ಕುಗ್ಗುತ್ತದೆ. ಮೂರೂವರೆ ಗಂಟೆಯ ಓಟಕ್ಕೆ ಲೆಕ್ಕ ಹಾಕಿದರೆ ಒಂಬತ್ತು ಲಕ್ಷ ದಾಟುತ್ತದೆ. ಅಲ್ಲಿನ ತಂಡಗಳು ಸ್ಪಿನ್‌ಟ್ರಾನ್ ಎಂಬ ಯಂತ್ರದಲ್ಲಿ, ಇಂಧನ ಉರಿಸದೆ ವಿದ್ಯುತ್ ಮೋಟಾರಿನಿಂದ ಎಂಜಿನ್ ತಿರುಗಿಸಿ, ಲೇಸರಿನಿಂದ ವಾಲ್ವಿನ ಚಲನೆ ಓದಿಕೊಂಡವು. ವಾಲ್ವ್ ಕ್ಯಾಮ್ ಹೇಳಿದಂತೆ ಕೇಳುತ್ತಿಲ್ಲ ಎಂಬುದು ಕಣ್ಣಿಗೆ ಕಂಡದ್ದು ಆಗ. ಮೂಗಿನ ಮೇಲೆ ಒಂದಿಷ್ಟು ತೇಲಿದರೂ ಮುಚ್ಚುವಾಗ ಮೆತ್ತಗೆ ಇಳಿದರೆ ನಷ್ಟವಿಲ್ಲ, ಏರಿಕೆ ಹೆಚ್ಚಿ ಲಾಭವೇ ಆಗಬಹುದು ಎಂಬುದೂ ಅಲ್ಲಿ ತಿಳಿಯಿತು. ಸ್ಪ್ರಿಂಗಿನ ಮೇಲೆ ಎಣ್ಣೆ ಚಿಮುಕಿಸಿ ತಂಪು ಮಾಡುವ ಕೊಳವೆಗಳೂ ಬಂದವು.

ಸುರುಳಿ ಸ್ಪ್ರಿಂಗನ್ನೇ ಬಿಟ್ಟು ಹೋದವರೂ ಇದ್ದಾರೆ. ಒಳ್ಳೆಯ ತಂತಿ ಸಿಗದ ಕಾಲದಲ್ಲಿ ಮ್ಯಾಂಕ್ಸ್ ನಾರ್ಟನ್ನಿನಂಥ ರೇಸ್ ಬೈಕುಗಳು ಹೇರ್‌ಪಿನ್ ಆಕಾರದ ಸ್ಪ್ರಿಂಗನ್ನು ಹೆಡ್ಡಿನ ಹೊರಗೆ ಗಾಳಿಗೆ ತೆರೆದಿಟ್ಟವು. ಮರ್ಸಿಡಿಸ್‌ನ ಡಬ್ಲ್ಯು196 ಕಾರು 1954ರಲ್ಲಿ ವಾಲ್ವ್ ಮುಚ್ಚುವುದಕ್ಕೂ ಕ್ಯಾಮನ್ನೇ ಬಳಸಿತು. ಡುಕಾಟಿಯ ಫಾಬಿಯೊ ತಾಲ್ಯೋನಿ 1956ರಲ್ಲಿ ಅದೇ ಡೆಸ್ಮೊ ವಿಧಾನವನ್ನು 125 ಸಿಸಿ ಬೈಕಿಗೆ ತಂದರು, ಆ ಕಂಪನಿ ಇಂದಿಗೂ ಅದನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. ರೆನೊ 1986ರಲ್ಲಿ ಫಾರ್ಮುಲಾ 1ಕ್ಕೆ ಒತ್ತಡದ ಅನಿಲದ ಸ್ಪ್ರಿಂಗ್ ತಂದಿತು. ಅನಿಲಕ್ಕೆ ಮುರಿಯುವ ತಂತಿಯಿಲ್ಲ, ಕುಣಿಯುವ ಸುತ್ತಿಲ್ಲ. 2006ರ ಹೊತ್ತಿಗೆ ಎಂಜಿನ್‌ಗಳು 20,000 ಆರ್‌ಪಿಎಂ ಮುಟ್ಟಿದವು. ಆದರೆ ಉಕ್ಕಿನ ಸುರುಳಿಯೇನೂ ಬಡವಾಗಿರಲಿಲ್ಲ. ಹೊಂಡಾದ 250 ಸಿಸಿಯ ಆರು ಸಿಲಿಂಡರ್ ಆರ್‌ಸಿ166 ಬೈಕು 1966ರಲ್ಲೇ 24 ಪುಟ್ಟ ವಾಲ್ವುಗಳೊಂದಿಗೆ 18,000 ತಲುಪಿತ್ತು. ವಾಲ್ವ್ ಪುಟ್ಟದಾದರೆ ಸ್ಪ್ರಿಂಗಿನ ಕೆಲಸ ಎಷ್ಟು ಹಗುರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಹಳೆಯ ತಲೆಮಾರಿನ ಮೇಸ್ತ್ರಿಗಳ ಕೈ ಪಳಗಿದ್ದು ಮೈಸೂರಿನ ಜಾವಾ, ಯೆಜ್ಡಿಗಳ ಮೇಲೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಕ್ಯಾಮೂ ಇಲ್ಲ, ವಾಲ್ವ್ ಸ್ಪ್ರಿಂಗೂ ಇಲ್ಲ. ಪೋರ್ಟ್ ಉಜ್ಜಿ, ಸೈಲೆನ್ಸರ್ ತಿದ್ದಿ ವೇಗ ತರುವ ವಿದ್ಯೆಯಲ್ಲಿ ಅವರು ನಿಪುಣರು. ಫೋರ್-ಸ್ಟ್ರೋಕ್ ಬಂದಾಗ ಕ್ಯಾಮ್ ಗ್ರೈಂಡ್ ಮಾಡಿಸುವುದನ್ನು ಬೇಗ ಕಲಿತರು. ಸ್ಪ್ರಿಂಗ್ ಅಳೆಯುವುದು ಮಾತ್ರ ಇನ್ನೂ ಎಲ್ಲ ಕಡೆ ರೂಢಿಯಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರೆ ಗಾಡಿಯ ಸ್ಪ್ರಿಂಗ್ ಕೊಂಡು, ಕೈಯಲ್ಲಿ ಒತ್ತಿ ನೋಡಿ, ಬಿರುಸಿದೆ ಎಂದು ಹಾಕುವವರಿದ್ದಾರೆ. ಕೈಗೆ ಬಿರುಸು ತಿಳಿದೀತು, ಘನವಾಗುವ ಎತ್ತರವಾಗಲಿ ತಂತಿಯ ಗುಣವಾಗಲಿ ತಿಳಿಯದು. ಕ್ರೋಮ್-ಸಿಲಿಕಾನ್ ಉಕ್ಕು ಬಿಸಿಯಲ್ಲಿ ಹಿಡಿತ ಉಳಿಸಿಕೊಳ್ಳುತ್ತದೆ. ಸಣ್ಣ ಗುಂಡುಗಳಿಂದ ಬಡಿದು ಮೇಲ್ಮೈ ಗಟ್ಟಿಮಾಡಿದ ತಂತಿ ಬೇಗ ಬಿರಿಯುವುದಿಲ್ಲ. ಆ ಮೇಲ್ಮೈಯನ್ನು ಕಟಿಂಗ್ ಪ್ಲೈಯರಿನಿಂದ ಹಿಡಿದು ಗೀರಿದರೆ, ಆ ಗೀರಿನಲ್ಲೇ ಬಿರುಕು ಹುಟ್ಟುತ್ತದೆ. ಹೊಸ ಸ್ಪ್ರಿಂಗನ್ನು ಬರಿಗೈಯಿಂದ ಇಲ್ಲವೇ ಬಟ್ಟೆ ಸುತ್ತಿ ಹಿಡಿಯಬೇಕು.

ಅಳತೆಗೆ ದೊಡ್ಡ ಯಂತ್ರ ಬೇಕಿಲ್ಲ. ತೂಕ ತೋರಿಸುವ ಒಂದು ಸ್ಪ್ರಿಂಗ್ ಟೆಸ್ಟರ್, ವರ್ನಿಯರ್, ಡಯಲ್ ಗೇಜ್, ಒಂದು ಪೊಟ್ಟಣ ಶಿಮ್, ಕೈಯಲ್ಲೇ ಒತ್ತಬಹುದಾದ ಒಂದು ಜೊತೆ ಹಗುರ ಸ್ಪ್ರಿಂಗ್. ಹಗುರ ಸ್ಪ್ರಿಂಗ್ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವ್ ಪಿಸ್ಟನ್ನಿಗೆ ಎಷ್ಟು ಹತ್ತಿರ ಬರುತ್ತದೆ ಎಂದೂ ಕಂಡುಕೊಳ್ಳಬಹುದು. ಡಬ್ಬಿಯ ಮೇಲಿನ ಅಂಕಿಯನ್ನು ನಂಬದೆ ಪ್ರತಿ ಸ್ಪ್ರಿಂಗನ್ನೂ ಅದು ಕೂರುವ ಎತ್ತರದಲ್ಲಿ, ಪೂರ್ತಿ ತೆರೆದ ಎತ್ತರದಲ್ಲಿ ಒತ್ತಿ ನೋಡಿ ಬರೆದಿಡಬೇಕು. ಒಂದೇ ಡಬ್ಬಿಯಲ್ಲೂ ಎರಡು ಮೂರು ಕಿಲೊ ವ್ಯತ್ಯಾಸದ ಸ್ಪ್ರಿಂಗುಗಳು ಸಿಗುತ್ತವೆ.

ಆ 1.3 ಲೀಟರಿನ ಎಂಜಿನ್ನಿನ ಹೆಡ್ಡನ್ನು ರ‍್ಯಾಲಿ ಮುಗಿದ ಮೇಲೆ ಮತ್ತೆ ಬಿಚ್ಚಿದರು. ಎಂಟು ಸ್ಪ್ರಿಂಗನ್ನೂ ಟೆಸ್ಟರಿನಲ್ಲಿಟ್ಟು ಮೇಸ್ತ್ರಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಆರರಲ್ಲಿ ಮುಚ್ಚಿದಾಗಿನ ಹಿಡಿತ 24 ಕಿಲೊ, ಒಂದರಲ್ಲಿ 23.5. ಶಿಮ್ ಕಟ್ಟಿದ್ದ ಮೂರನೇ ಸಿಲಿಂಡರಿನದು 22ಕ್ಕೆ ಇಳಿದಿತ್ತು. ಸಡಿಲವಾಗಿ ತೇಲಿ ಬಡಿಸಿಕೊಂಡ ಆ ಮೊದಲ ದಿನಗಳಲ್ಲೇ ಅದು ದಣಿದಿರಬೇಕು. ಶೇ. 10ರಷ್ಟು ಹಿಡಿತ ಕಳೆದುಕೊಂಡ ಸ್ಪ್ರಿಂಗನ್ನು ಮತ್ತೆ ಹಾಕಬಾರದು ಎಂಬುದು ರೇಸಿನವರ ರೂಢಿ. ಮೇಸ್ತ್ರಿ ಅದನ್ನು ಎತ್ತಿ ಗುಜರಿ ಡಬ್ಬಕ್ಕೆ ಹಾಕಿ, ಹೊಸದೊಂದರ ಕವರ್ ಹರಿದು, ಟೆಸ್ಟರಿನ ಮೇಲಿಟ್ಟು, ಹಿಡಿಯನ್ನು ನಿಧಾನವಾಗಿ ಕೆಳಕ್ಕೆ ಎಳೆದರು.